ಹನ್ನೆರಡು ಪಾಯಿಂಟ್ ಎಂಟು

"ರೀ, ಮಾವನವರ ಗಾಡಿಗೆ ನೀವ ಕೈ ಹಚ್ಚಬ್ಯಾಡ್ರಿ. ಏನರ ಹೆಚ್ಚುಕಮ್ಮಿ ಆತಂದ್ರ ಅದನ್ನ ಜೀವನ ಪೂರ್ತಿ ಕೇಳಬೇಕಾಗೋದು ನೀವಲ್ಲಾ, ನಾನು."

ನನ್ನ ಹೆಂಡ್ತಿ ಈ ಮಾತು ಹೇಳಿದ್ದು ರವಿವಾರ ಮುಂಜಾನೆ, ಉಪ್ಪಿಟ್ಟಿನ ಪ್ಲೇಟ್ ನನ್ನ ಮುಂದ ಇಡಕೋತ. ಅಷ್ಟೊತ್ತಿಗೆ ನಾ ಆನ್‌ಲೈನ್ ತರಿಸಿದ್ದ ಡಬ್ಬಿ ಬಿಚ್ಚಿ, ಅದರಾಗಿನ ಕೆಂಪು, ಕರೇ, ಹಳದಿ ವಾಯರ್ ಎಲ್ಲಾ ಟೇಬಲ್ ಮ್ಯಾಲೆ ಹರವಿಕೊಂಡು ಕೂತಿದ್ದೆ. ಉಪ್ಪಿಟ್ಟ ಇಡಲಿಕ್ಕೆ ಜಾಗಾ ಇದ್ದಿದ್ದಿಲ್ಲ. ಅಕಿ ಪ್ಲೇಟನ್ನ ಕುರ್ಚಿ ಮ್ಯಾಲೆ ಇಟ್ಟು ಹೋದ್ಲು. ಹೆಂಡ್ತಿ ಮಾತು ಕೇಳಿದ್ರ ನನ್ನ ಒಂದು ವಾರ ಉಳೀತಿತ್ತು. ಆದ್ರ ಆ ವಾರ ಹಾಳಾಗದ ಇದ್ದಿದ್ರ ಒಂದು ಖರೇ ಮಾತು ನನಗ ಇನ್ನೂ ಎಷ್ಟ ದಿವಸ ಗೊತ್ತಾಗ್ತಿದ್ದಿಲ್ಲೋ ಏನೋ.

ಮೊದಲ ಗಾಡಿ ಕಥಿ ಹೇಳಿಬಿಡ್ತೇನಿ. ನಮ್ಮಪ್ಪ ಹೈಸ್ಕೂಲ್ ಮಾಸ್ತರ ಆಗಿದ್ದಾ. 2005ರಾಗ ರಿಟೈರ್ ಆದಾಗ ಬಂದ ರೊಕ್ಕದಾಗ ಒಂದು ಬಿಳೇ ಮಾರುತಿ 800 ತಗೊಂಡಾ. ಮೂರು ಸಿಲಿಂಡರಿನ ಸಣ್ಣ ಗಾಡಿ. ಮಾಳಮಡ್ಡಿಯೊಳಗ ನಮ್ಮ ಮನಿ ಕಂಪೌಂಡಿಗೆ ಅಳತಿ ಹೊಲಿಸಿದಂಗ ಕೂಡ್ತದ. ಹದಿನೈದು ವರ್ಷ ಆದಮ್ಯಾಲೆ ಆರ್‌ಟಿಓದಾಗ ಅದರ ರಿಜಿಸ್ಟ್ರೇಶನ್ ರಿನಿವಲ್ ಮಾಡಿಸಿಕೊಂಡ ಬಂದ ದಿವಸ ಅಪ್ಪ ಪೇಢೆ ಹಂಚಿದ್ದಾ. ನಾ ಪಾಸಾದಾಗ ಹಂಚಿದ್ದು ನೆನಪಿಲ್ಲ.

ಹ್ವಾದ ಮೇ ತಿಂಗಳದಾಗ ಅಪ್ಪ ಅವ್ವನ್ನ ಕರಕೊಂಡು ಹುಬ್ಬಳ್ಳಿಗೆ ಒಂದು ಮುಂಜಿವಿಗೆ ಹೋಗಿದ್ದಾ. ವಾಪಸ್ ಬರೂ ಮುಂದ ನವಲೂರ ಹತ್ರ ಬಾನೆಟ್ ಒಳಗಿಂದ ಬುಸ್ ಅಂತ ಹಬೆ ಎದ್ದು ಗಾಡಿ ನಿಂತುಬಿಡ್ತು. ಬಾಜೂಕ ಚಿಗರಿ ಬಸ್ ಒಂದರ ಹಿಂದ ಒಂದು ಸರ್ ಸರ್ ಹೋಗಲಿಕ್ಕೆ ಹತ್ತಿದ್ವಂತ, ಇವರಿಬ್ಬರೂ ಬಿಸಲಾಗ ಗಿಡದ ಬುಡಕ ಕೂತು ನನಗ ಫೋನ್ ಹಚ್ಚಿದ್ರು. ರೇಡಿಯೇಟರಿನ ಮ್ಯಾಲಿನ ಹೋಸ್ ಪೈಪ್ ಹಳೇದಾಗಿ ಸೀಳಿ, ನೀರೆಲ್ಲಾ ಸೋರಿ ಹೋಗಿತ್ತು.

ಮೆಕ್ಯಾನಿಕ್ ಬಿಚ್ಚಿ ನೋಡಿ ಅಂದಾ: "ಸರ್ರ, ಸೂಜಿ ಏರಿದ ಕೂಡ್ಲೆ ನಿಲ್ಲಿಸಿದ್ರ ಬರೇ ಪೈಪಿನ್ಯಾಗ ಮುಗೀತಿತ್ತು. ಏರಿದ ಮ್ಯಾಲೂ ಓಡಿಸ್ಯಾರ. ಹೆಡ್ ಗ್ಯಾಸ್ಕೆಟ್ ಸುಟ್ಟೈತಿ, ಹೆಡ್ ಬಾಗೈತಿ."

ಬಿಲ್ ಹದಿನಾಲ್ಕು ಸಾವಿರ ಆತು.

"ಅಪ್ಪಾ, ಸೂಜಿ ನೋಡಲಿಲ್ಲೇನು?" ಅಂದೆ.

"ಅಲ್ಲಪಾ, ನಾ ರಸ್ತಾ ನೋಡಲೋ, ಸೂಜಿ ನೋಡಲೋ?"

ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಪುಣೆದಿಂದ ನಮ್ಮಕ್ಕ ಫೋನ್ ಮಾಡಿ "ಅಪ್ಪಗ 77 ಆತು, ಗಾಡಿ ಮಾರಿಬಿಡ್ರಿ, ಎಲ್ಲೆರ ಹೋಗೂದಿದ್ರ ರಿಕ್ಷಾ ಅದಾವ" ಅಂತ ಅರ್ಧಾ ತಾಸು ಹೇಳಿದ್ಲು. ಫೋನ್ ಸ್ಪೀಕರಿಗೆ ಹಾಕಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ, ಆದ್ರ ಗಾಡಿ ಕೀಲಿ ಮೊಳಿಯಿಂದ ತಗದು ಅಂಗಿ ಕಿಸೆದಾಗ ಇಟ್ಟುಕೊಂಡಾ. ಅವತ್ತಿಂದ ಅದು ಮೊಳಿಗೆ ವಾಪಸ್ ಬರಲೇ ಇಲ್ಲ. ರಾತ್ರಿ ತಲಿದಿಂಬಿನ ಕೆಳಗ ಇರ್ತಿತ್ತು ಅಂತ ಆಮ್ಯಾಲೆ ಅವ್ವ ಹೇಳಿದ್ಲು.

ಗಾಡಿ ಮಾರೂದು ನನಗೂ ಮನಸ್ಸಿರಲಿಲ್ಲ. ಸೂಜಿ ಸಣ್ಣದದ, ಕಾಣಂಗಿಲ್ಲ, ಹಂಗಾದ್ರ ದೊಡ್ಡದೊಂದು ಮೀಟರ್ ಹಾಕಿದ್ರಾತು. ಇಷ್ಟ ನನ್ನ ವಿಚಾರ. 52 ಮಿಲಿಮೀಟರಿನ ಗುಂಡಂದು ಒಂದು ಡಿಜಿಟಲ್ ಮೀಟರ್ ತರಿಸಿದೆ. ಮ್ಯಾಲಿನ ಸಾಲಿನ್ಯಾಗ ನೀರು ಎಷ್ಟ ಡಿಗ್ರಿ ಕಾದದ ಅಂತ, ಕೆಳಗಿನ ಸಾಲಿನ್ಯಾಗ ಬ್ಯಾಟರಿ ಎಷ್ಟ ವೋಲ್ಟ್ ಅದ ಅಂತ, ಕೆಂಪ ಅಕ್ಷರದಾಗ ತೋರಸ್ತದ. 105 ಡಿಗ್ರಿ ದಾಟ್ತಂದ್ರ ಒದರ್ತದ. ಇನ್ನ ಹೆಡ್ ಸುಡೂದು ಹೆಂಗ ಅಂತ ನೋಡೋಣ ಅಂದೆ.

ಕೂಡಸೂದು ಕಾಗದದ ಮ್ಯಾಲೆ ಭಾಳ ಸರಳ ಇತ್ತು. ನಾಲ್ಕು ವಾಯರ್. ಕೆಂಪು, ಕೀಲಿ ತಿರುವಿದಾಗ ಕರೆಂಟು ಬರೂ ವಾಯರಿಗೆ. ಹಳದಿ, ಪಾರ್ಕಿಂಗ್ ಲೈಟಿನ ವಾಯರಿಗೆ. ರಾತ್ರಿ ಲೈಟ್ ಹಾಕಿದಾಗ ಮೀಟರಿನ ಬೆಳಕು ಕಣ್ಣಿಗೆ ಹೊಡೀಬಾರದಂತ ತಾನ ಸಣ್ಣದಾಗ್ತದ. ನಾಲ್ಕನೇದ್ದು ನೀರಿನ ಸೆನ್ಸರಿಗೆ. ಉಳಿದದ್ದು ಕರೇ ವಾಯರ್, ಅರ್ತಿಂಗಿಗೆ.

ಈ ಅರ್ತಿಂಗ್ ಅನ್ನೂದನ್ನ ಸ್ವಲ್ಪ ಹೇಳಬೇಕು, ಯಾಕಂದ್ರ ನನ್ನ ಅರ್ಧಾ ಪಾಪ ಅದರಾಗ ಅದ. ಮನ್ಯಾಗ ಒಂದು ಬಲ್ಬಿಗೆ ಎರಡು ವಾಯರ್ ಹೋಗ್ತಾವ. ಗಾಡ್ಯಾಗ ಹಂಗಿಲ್ಲ. ಬ್ಯಾಟರಿ ಮೈನಸ್ಸನ್ನ ಗಾಡಿ ಬಾಡಿಗೆ, ಎಂಜಿನ್ನಿಗೆ ಕಟ್ಟಿರ್ತಾರ. ಲೈಟು, ಹಾರ್ನ್, ಇಂಡಿಕೇಟರ್ ಎಲ್ಲದಕ್ಕೂ ಹೋಗೂ ಕರೆಂಟು ವಾಯರಿನ್ಯಾಗ ಹೋಗ್ತದ, ವಾಪಸ್ ಬರೂದು ತಗಡಿನ್ಯಾಗ. ಆ ತಗಡಿಗೆ ಕರೇ ವಾಯರ್ ಗಟ್ಟಿ ಕೂತಿರಬೇಕು. ಪೇಂಟಿನ ಮ್ಯಾಲೆ, ತುಕ್ಕಿನ ಮ್ಯಾಲೆ ಕೂತ್ರ ಕರೆಂಟಿಗೆ ಮನಿಗೆ ಹೋಗೂ ದಾರಿ ಬಂದ್ ಆಗಿ, ಮತ್ತೊಬ್ಬರ ಮನ್ಯಾಗ ಹಾದು ಹೋಗಲಿಕ್ಕೆ ಹತ್ತತದ.

ನಾ ಏನ ಮಾಡಿದೆ? ಡ್ಯಾಶ್‌ಬೋರ್ಡಿನ ಕೆಳಗ ಒಂದು ಸ್ಕ್ರೂ ಕಂಡ್ತು. ಅದರ ಕೆಳಗ ಮೊದಲ ಎರಡು ಕರೇ ವಾಯರ್ ಇದ್ದವು. ಭಾಳ ಚಲೋ ಆತು, ಮೂರನೇದ್ದು ನಂದೂ ಇರಲಿ ಅಂತ ಅದನ್ನ ಸಡ್ಲ ಮಾಡಿ, ನನ್ನ ವಾಯರ್ ಸುತ್ತಿ, ವಾಪಸ್ ಬಿಗದೆ. ಅಂಗಾತ ಮಲಗಿ, ಕುತ್ತಿಗಿ ತಿರುವಿ, ಕ್ಲಚ್ ಪೆಡಲ್ ಹಣಿಗೆ ಬಡಿಸಿಕೊಂಡು ಬಿಗದದ್ದು ಎಷ್ಟ ಬಿಗೀತು ಅನ್ನೂದು ದೇವರಿಗೇ ಗೊತ್ತು.

ಸೆನ್ಸರ್ ಹಾಕಲಿಕ್ಕೆ ರೇಡಿಯೇಟರಿನ ಹೊಸಾ ಹೋಸ್ ಪೈಪನ್ನ ನಡಬರಕ ಕೊಯ್ದು, ನಡುವ ಒಂದು ಅಲ್ಯುಮಿನಿಯಂ ತುಂಡ ಪೈಪ್ ಇಟ್ಟು, ಎರಡೂ ಕಡೆ ಕ್ಲಿಪ್ ಹಾಕಿ, ಅದರ ತೂತಿನ್ಯಾಗ ಸೆನ್ಸರ್ ತಿರುವಿದೆ. ನೀರು ಸೋರಬಾರದಂತ ನಲ್ಲಿಗೆ ಸುತ್ತೂ ಬಿಳೇ ಟೇಪನ್ನ ಹತ್ತ ಸುತ್ತು ಸುತ್ತಿದೆ. ಒಂದ ಹನಿ ಸೋರಲಿಲ್ಲ. ನನಗ ನನ್ನ ಮ್ಯಾಲೆ ಅಭಿಮಾನ ಉಕ್ಕಿ ಬಂತು.

ಸಂಜಿಮುಂದ ಕೀಲಿ ತಿರುವಿದ್ರ ಕೆಂಪ ಅಕ್ಷರ ಫಳ್ ಅಂತ ಹತ್ತಿದ್ವು. ಮನಿ ಮಂದಿಯೆಲ್ಲಾ ಬಂದು ನೋಡಿದ್ರು. ನನ್ನ ಮಗ "ಪಪ್ಪಾ, ಏರೋಪ್ಲೇನ್ ಆತು" ಅಂದಾ. ಅಪ್ಪ ಬಗ್ಗಿ ನೋಡಿ "ಹೂಂ, ಅದ ಅದ" ಅಂದಾ. ಹೆಚ್ಚಿಗಿ ಮಾತಾಡಲಿಲ್ಲ. ನಾ ಅದನ್ನ ಸಿಟ್ಟು ಅಂತ ತಿಳಕೊಂಡೆ.

ಸ್ವಾಮವಾರದಿಂದ ಚಾಲೂ ಆತು ನೋಡ್ರಿ. ಇಂಡಿಕೇಟರ್ ಹಾಕಿದ್ರ ಮೀಟರೂ ಅದರ ಜೋಡಿ ಕಣ್ಣು ಹೊಡೀಲಿಕ್ಕೆ ಹತ್ತಿತು. ವೋಲ್ಟ್ ಹನ್ನೆರಡು, ಹತ್ತೂವರಿ, ಹನ್ನೆರಡು, ಹತ್ತೂವರಿ ಅಂತ ಜೋಕಾಲಿ ಆಡ್ತದ. ಪಾರ್ಕಿಂಗ್ ಲೈಟ್ ಹಾಕಿ ಇಂಡಿಕೇಟರ್ ಹಾಕಿದ್ರ ಮೀಟರ್ ಆರಿ ಮತ್ತ ಹತ್ತತದ. ಸ್ಪೀಡೋಮೀಟರಿನ ಹಿಂದಿನ ಬಲ್ಬೂ ಮಿಣಕ್ ಮಿಣಕ್. ಇನ್ನ ನೀರಿನ ಡಿಗ್ರಿ ಕೇಳಬ್ಯಾಡ್ರಿ, ಎಂಜಿನ್ ಅರ್ಧಾ ತಾಸು ಓಡಿದ್ರೂ ನಲವತ್ತರ ಮ್ಯಾಲೆ ಏರವಲ್ಲದು. ಬಾನೆಟ್ ಮುಟ್ಟಿದ್ರ ಸುಡ್ತದ, ಮೀಟರ್ ಮಾತ್ರ ಸ್ನಾನಕ್ಕ ಹದಾ ಅದ ಅಂತದ.

ಬುಧವಾರ ಸಂಜಿಗೆ ಅಪ್ಪ ಲೈನ್ ಬಜಾರಕ್ಕ ಹೋಗಿ ಕತ್ತಲಾಗೂದ್ರಾಗ ಬಂದಾ. ಗುರುವಾರ ಮುಂಜಾನೆ ಕೀಲಿ ತಿರುವಿದ್ರ ಟಿಕ್ ಅಂತ ಒಂದ ಸಪ್ಪಳ, ಮುಂದ ಏನಿಲ್ಲ. ಬ್ಯಾಟರಿ ಪೂರ್ತಿ ಇಳದಿತ್ತು.

"ಹತ್ತೊಂಬತ್ತು ವರ್ಷ ಈ ಗಾಡಿ ಒಂದ ದಿವಸ ಹಟಾ ಮಾಡಿದ್ದಿಲ್ಲ" ಅಂತ ಅಪ್ಪ ಅವ್ವಗ ಹೇಳಿದಾ, ನನಗ ಕೇಳೂ ಹಂಗ. "ಒಬ್ಬರು ಬಿಎಸ್ಸಿ ಓದಿದವರು ಕೈ ಹಚ್ಚಿದ್ರು. ನಾಲ್ಕ ದಿವಸದಾಗ ಮಲಗಿಬಿಡ್ತು."

ನಾ ಗಾಡಿ ಒಳಗ ಸೇರಿ, ಮೀಟರಿನ ಕೆಂಪ ವಾಯರ್ ಬಿಚ್ಚಿ ಇಟ್ಟೆ. ಆವಾಗ ಸ್ಟೇರಿಂಗಿನ ಬಾಜೂಕಿನ ಲೈಟಿನ ಕಡ್ಡಿ ಒಂದು ಹೆಜ್ಜಿ ತಿರುಗಿದ್ದು ಕಂಡ್ತು. ಒಳಗ ತೂರೂ ಮುಂದ ನನ್ನ ಮೊಣಕಾಲು ತಾಗಿರಬೇಕು ಅಂತ ತಿರುವಿ ಬಂದ್ ಮಾಡಿದೆ. ಇದನ್ನ ನೆನಪಿಡ್ರಿ. ನಾ ಅಂತೂ ಮರತೆ.

ಬ್ಯಾಟರಿ ಬಿಚ್ಚಿ ಚಾರ್ಜಿಂಗಿಗೆ ಕೊಟ್ಟು, ಶುಕ್ರವಾರ ಸಂಜಿಗೆ ತಂದು ಕೂಡಿಸಿದೆ. ಶನಿವಾರ ಸೂಟಿ. ವಾಯರ್ ಮತ್ತ ಜೋಡಿಸಿ, ಕೀಲಿ ತಿರುವಿ ನಾನ ನೋಡಿದೆ. ಎಂಜಿನ್ ಬಂದ್ ಇದ್ದಾಗ 12.8. ಚಾರ್ಜ್ ಆದ ಚಲೋ ಬ್ಯಾಟರಿ ಹನ್ನೆರಡೂವರಿ ಮ್ಯಾಲೆ ಇರಬೇಕು, ಅದ.

"ಅಪ್ಪಾ, ಈಗ ಹನ್ನೆರಡು ಪಾಯಿಂಟ್ ಎಂಟು ಅದ. ನೀ ಇಲ್ಲೆ ಕೂಡು. ನಾ ಮುಂದ ಬಾನೆಟ್ಟಿನ ಹತ್ರ ಇರ್ತೇನಿ. ಚಾಲೂ ಮಾಡಿ ಎಷ್ಟ ಬಂತು ಹೇಳು. ಹದಿಮೂರೂವರಿ, ಹದಿನಾಲ್ಕರ ತನಕ ಏರಬೇಕು. ಏರಲಿಲ್ಲಂದ್ರ ಆಲ್ಟರ್ನೇಟರ್ ಚಾರ್ಜ್ ಮಾಡವಲ್ಲದು ಅಂತ ಅರ್ಥ."

ಅಪ್ಪ ಚಾಲೂ ಮಾಡಿದಾ.

"ಎಷ್ಟದ?"

"ಹನ್ನೆರಡು ಎಂಟು."

"ಸ್ವಲ್ಪ ರೇಸ್ ಮಾಡು. ಈಗ?"

"ಹನ್ನೆರಡು ಎಂಟು."

"ಹೆಡ್‌ಲೈಟ್ ಹಾಕು. ಈಗ?"

"ಹೇಳಿದ್ನೆಲ್ಲೋ. ಹನ್ನೆರಡು ಎಂಟು."

ಬಾನೆಟ್ಟಿನ ಆಕಡೆ ನಿಂತು ನಾ ತಲಿ ಅಲ್ಲಾಡಿಸಿದೆ. ಆಲ್ಟರ್ನೇಟರ್ ಹೋಗ್ಯದ. ಈಗ ಕೂತು ವಿಚಾರ ಮಾಡಿದ್ರ ನಗು ಬರ್ತದ. ಆಲ್ಟರ್ನೇಟರ್ ಚಲೋ ಇದ್ರ ನಂಬರ್ ಏರಬೇಕು. ಸತ್ತಿದ್ರ, ಹೆಡ್‌ಲೈಟ್ ಹಚ್ಚಿದ ಕೂಡ್ಲೆ ಇಳೀಬೇಕು. ಏರದ, ಇಳೀದ, ಗೂಟ ಹೊಡದಂಗ ನಿಂತ ನಂಬರ್ ಬ್ಯಾಟರಿದಲ್ಲ. ಅದೂ ಅಲ್ಲದ, ಚಾರ್ಜ್ ಆಗದಿದ್ರ ಡ್ಯಾಶ್‌ಬೋರ್ಡಿನ್ಯಾಗ ಕೆಂಪ ಬ್ಯಾಟರಿ ದೀಪ ಹತ್ತಬೇಕಿತ್ತು. ಅದನ್ನೂ ನಾ ನೋಡಲಿಲ್ಲ. ಮನಷ್ಯಾಗ ಒಂದು ತಪ್ಪು ಸಿಕ್ಕಿತಂದ್ರ ಅದರ ಮುಂದ ಹುಡುಕೂದ ಬಿಟ್ಟಬಿಡ್ತಾನ.

ಗಾಡಿ ತಗೊಂಡು ಆಟೋ ಎಲೆಕ್ಟ್ರಿಕ್ ಚಾಚಾನ ಹತ್ರ ಹೋದೆ. ಚಾಚಾಗ ಎಪ್ಪತ್ತರ ಹತ್ರ ವಯಸ್ಸು, ಬಾಯಾಗ ಅಡಕಿ, ಕೈಯಾಗ ಅಂಚು ಸವದ ಮಲ್ಟಿಮೀಟರ್. ನಾ "ಆಲ್ಟರ್ನೇಟರ್ ಹೋಗ್ಯದ ಚಾಚಾ" ಅಂದೆ. ಅಂವ "ನೋಡೂಣಂತ" ಅಂದು, ಎಂಜಿನ್ ಚಾಲೂ ಇಡಿಸಿ, ಬ್ಯಾಟರಿ ಎರಡೂ ಮಳಿಗೆ ಮೀಟರ್ ಹಚ್ಚಿದಾ.

"13.9 ಐತ್ರಿ ಸರ್ರ. ಏನಾಗೇತಿ ಇದಕ್ಕ? ಬರೋಬರಿ ಐತಿ."

ಒಳಗ ಹೋಗಿ ನೋಡಿದ್ರ ನನ್ನ ಮೀಟರಿನ್ಯಾಗೂ 13.8. ಮನ್ಯಾಗ 12.8 ಇದ್ದದ್ದು ಇಲ್ಲೆ ಹೆಂಗ ಏರ್ತು? ಎಲ್ಲೋ ವಾಯರ್ ಲೂಸ್ ಇರಬೇಕು, ಒಮ್ಮೆ ಹತ್ತತದ ಒಮ್ಮೆ ಬಿಡ್ತದ ಅಂತ ನಾ. ಚಾಚಾ ಏನೂ ಅನ್ನಲಿಲ್ಲ. ಇಂಡಿಕೇಟರ್ ಹಾಕಿಸಿದಾ. ಮೀಟರ್ ಕಣ್ಣು ಹೊಡೀತು. ಆವಾಗ ತನ್ನ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಉದ್ದನ ವಾಯರ್ ಕಟ್ಟಿ ನಾ ಸುತ್ತಿದ್ದ ಕರೇ ವಾಯರಿಗೆ ಹಚ್ಚಿ ನನ್ನ ಕರದಾ.

"ನೋಡ್ರಿ, ಎರಡೂ ಕಡೆ ಅರ್ತ್. ಅಂದಮ್ಯಾಲೆ ನಡುವ ಸೊನ್ನಿ ಬರಬೇಕು. ಇಲ್ಲಿ ಎಷ್ಟ ಐತಿ?"

ಇಂಡಿಕೇಟರ್ ಒಂದೊಂದ ಸಲ ಹತ್ತಿದಾಗೂ ಅಲ್ಲೆ ಒಂದೂವರಿ ವೋಲ್ಟಿನ ಮ್ಯಾಲೆ ಕುಣೀಲಿಕ್ಕೆ ಹತ್ತಿತ್ತು.

"ಆ ಸ್ಕ್ರೂದಾಗ ಕಂಪನಿಯವರು ಎರಡು ವಾಯರ್ ಹಾಕ್ಯಾರ. ನೀವು ಮೂರನೇದ್ದು ತುರುಕೀರಿ. ಸ್ಕ್ರೂ ಕುಂತಿಲ್ಲ. ಈಗ ಮೂರೂ ಮಂದಿಗೆ ದಾರಿ ಇಲ್ಲ, ಒಬ್ಬರ ಕರೆಂಟು ಇನ್ನೊಬ್ಬರ ತಲಿ ಮ್ಯಾಲೆ ಹೊಂಟೈತಿ. ಹೊಸಾ ಸೊಸಿ ಬಂದ ಮನ್ಯಾಗ ಬಚ್ಚಲ ಒಂದ ಇದ್ದಂಗ."

ಸೆನ್ಸರಿನ ಟೇಪ್ ನೋಡಿ ಚಾಚಾ ನಕ್ಕ ಬಿಟ್ಟಾ. ಒಂದ ವಾಯರಿನ ಸೆನ್ಸರ್ ಅದು, ತನ್ನ ಮೈಯಿಂದಾನ ಅರ್ತ್ ತಗೋತದ. ನಾ ಅದರ ಮೈಗೆ ಹತ್ತ ಸುತ್ತು ಟೇಪ್ ಸುತ್ತಿ, ಮ್ಯಾಲೆ ಅದನ್ನ ರಬ್ಬರ್ ಪೈಪಿನ ನಡುವ ಕೂಡಿಸಿದ್ದೆ. ಎಂಜಿನ್ ತಗಡಿಗೂ ಅದಕ್ಕೂ ಸಂಬಂಧಾನ ಇಲ್ಲ. ನೀರು ಕಾದಂಗೆಲ್ಲಾ ಸೆನ್ಸರಿನ ರೆಸಿಸ್ಟೆನ್ಸ್ ಇಳೀತದ, ಅದರ ಮ್ಯಾಲೆ ಮೀಟರ್ ಡಿಗ್ರಿ ತಿಳಕೋತದ. ಅರ್ತಿಂಗ್ ಸರಿ ಇಲ್ಲದ್ರ ರೆಸಿಸ್ಟೆನ್ಸ್ ಹೆಚ್ಚು ಕಾಣ್ತದ, ಮೀಟರ್ ನೀರು ತಣ್ಣಗದ ಅಂತ ಸುಳ್ಳ ಹೇಳ್ತದ. ಅಂದ್ರ ಹೆಡ್ ಸುಡಬಾರದು ಅಂತ ಹಾಕಿದ ಮೀಟರ್, ಹೆಡ್ ಸುಟ್ಟ ಬೂದಿ ಆದ್ರೂ ಒದರ್ತಿದ್ದಿಲ್ಲ. ಇದನ್ನ ಕೇಳಿ ನನ್ನ ಬೆನ್ನಾಗ ಸ್ವಲ್ಪ ಬೆವರ ಬಂತು.

"ಬ್ಯಾಟರಿ ಇಳದದ್ದು ಯಾಕ ಚಾಚಾ ಮತ್ತ?"

ಚಾಚಾ ಗಾಡಿ ಬಂದ್ ಮಾಡಿಸಿ, ಬಾಗಲಾ ಹಾಕಿಸಿ, ಬ್ಯಾಟರಿ ಮೈನಸ್ ಬಿಚ್ಚಿ ನಡುವ ಮೀಟರ್ ಇಟ್ಟಾ. 0.02 ಆಂಪಿಯರ್.

"ಇದರಿಂದ ಒಂದ ರಾತ್ರ್ಯಾಗ ಇಳ್ಯಾಂಗಿಲ್ರಿ. ತಿಂಗಳಗಟ್ಲೆ ನಿಂತ್ರ ಇಳೀತೈತಿ. ನಿಮ್ಮ ಮೀಟರ್ ಕೀಲಿ ತಗದ್ರ ಬಂದ್ ಆಗ್ತೈತಿ, ಅದರ ತಪ್ಪಿಲ್ಲ. ಏನೋ ಹತ್ತಿಸಿ ಬಿಟ್ಟೀರಿ. ಪಾರ್ಕಿಂಗ್ ಲೈಟ್ ಇರಬೇಕು."

ಮುಂದಿನ ಎರಡು, ಹಿಂದಿನ ಎರಡು, ನಂಬರ್ ಪ್ಲೇಟಿಂದು, ಡ್ಯಾಶ್‌ಬೋರ್ಡಿನವು ಎಲ್ಲಾ ಕೂಡಿ ಮೂವತ್ತು ವ್ಯಾಟ್ ಹಿಡೀರಿ. 12 ವೋಲ್ಟಿಗೆ ಎರಡೂವರಿ ಆಂಪಿಯರ್. ಹನ್ನೆರಡು ತಾಸು ಹತ್ತಿದ್ರ 30 ಆಂಪಿಯರ್ ಅವರ್. ನಮ್ಮ ಬ್ಯಾಟರಿ ಇರೂದ 35ದು. ಲೆಕ್ಕ ಬರೋಬರಿ ಕೂಡ್ತಿತ್ತು. ಆದ್ರ "ನಮ್ಮಪ್ಪ ಅಂಥಾ ತಪ್ಪು ಮಾಡೂ ಮನಷ್ಯಾ ಅಲ್ಲ ಚಾಚಾ, ಬಚ್ಚಲದ ಲೈಟ್ ಉಳದ್ರ ಮನಿ ಮಂದಿನೆಲ್ಲಾ ಎಬ್ಬಸ್ತಾನ" ಅಂದೆ. ಚಾಚಾ ನನ್ನ ಮಾರಿ ನೋಡಿ ಸುಮ್ನಾದಾ. ನೂರು ರೂಪಾಯಿ ತಗೊಂಡಾ. ಎರಡು ಥಿಂಬಲ್, ಒಂದು ಫ್ಯೂಸ್ ಹೋಲ್ಡರ್, ಎರಡು ಆಂಪಿಯರಿನ ಫ್ಯೂಸ್ ಪುಗಸಟ್ಟೆ ಕೊಟ್ಟಾ. "ಮೀಟರಿನ ಕರೇ ವಾಯರ್ ಸೀದಾ ಬ್ಯಾಟರಿ ಮೈನಸ್ಸಿಗೆ ತರ್ರಿ. ಅಲ್ಯುಮಿನಿಯಂ ಪೈಪಿಗೂ ಒಂದು ವಾಯರ್ ಕಟ್ಟಿ ಅಲ್ಲೇ ತರ್ರಿ. ಹಳೇ ಸ್ಕ್ರೂ ತಗಡ ಕೆರದು ಗಟ್ಟಿ ಬಿಗೀರಿ. ಕೆಂಪ ವಾಯರಿಗೆ ಫ್ಯೂಸ್ ಹಾಕ್ರಿ, ಇಲ್ಲದ್ರ ಒಂದ ದಿವಸ ಸುಡ್ತೈತಿ."

ರವಿವಾರ ಮುಂಜಾನೆ ಮತ್ತ ಅದ ಉಪ್ಪಿಟ್ಟು, ಅದ ವಾಯರ್. ಈ ಸಲ ಹೆಂಡ್ತಿ ಏನೂ ಅನ್ನಲಿಲ್ಲ, ಪ್ಲೇಟ್ ಸೀದಾ ಕುರ್ಚಿ ಮ್ಯಾಲೆ ಇಟ್ಲು.

ಹಳೇ ಸ್ಕ್ರೂದ ಕೆಳಗ ಸ್ಯಾಂಡ್‌ಪೇಪರಿನಿಂದ ತಿಕ್ಕಿ ಕಂಪನಿ ವಾಯರ್ ಎರಡ ಹಾಕಿ ಬಿಗದೆ. ಫ್ಯೂಸ್ ಹಾಕಿದೆ. ಸೆನ್ಸರಿನ ಟೇಪ್ ತಗದು, ಪೈಪಿಗೆ ಬ್ಯಾರೆ ವಾಯರ್ ಕಟ್ಟಿದೆ. ಮೀಟರಿನ ಕರೇ ವಾಯರಿಗೆ ಉದ್ದನ ತುಂಡು ಜೋಡಿಸಿ, ಫೈರ್‌ವಾಲಿನ ರಬ್ಬರ್ ತೂತಿನ್ಯಾಗ ತೂರಿಸಿ, ಬಾನೆಟ್ಟಿನ ಕೆಳಗ ಎಳಕೊಂಡೆ. ಅಪ್ಪ ತಾನಾಗೇ ಬಂದು ಡ್ರೈವರ್ ಸೀಟಿನ್ಯಾಗ ಕೂತಿದ್ದಾ. ಸೆನ್ಸರ್ ಪೈಪ್ ಎಲ್ಲೆರ ಸೋರತದೇನೋ ನೋಡೋಣ ಅಂತ "ಅಪ್ಪಾ, ಚಾಲೂ ಮಾಡು" ಅಂದೆ. ಎಂಜಿನ್ ಹತ್ತಿತು. ಸೋರಲಿಲ್ಲ. ನಾ ಎಡಗೈಯಾಗ ಥಿಂಬಲ್ ಹಾಕಿದ ಕರೇ ವಾಯರ್ ಹಿಡಕೊಂಡು, ಬಲಗೈಯಾಗ ಪಾನಾ ಹುಡುಕ್ಕೋತ, ರೂಢಿ ಆಗಿಬಿಟ್ಟಿತ್ತು ನೋಡ್ರಿ, ಅದ ರೂಢಿಯೊಳಗ ಒದರಿದೆ:

"ಎಷ್ಟದ ಅಪ್ಪಾ?"

"ಹನ್ನೆರಡು ಎಂಟು."

ನನ್ನ ಕೈಯಾಗ ಪಾನಾ ಸಿಕ್ಕಿತು. ಬ್ಯಾಟರಿ ಕಡೆ ಬಗ್ಗಿದೆ. ಆವಾಗ ಕರೇ ವಾಯರ್ ನನ್ನ ಎಡಗೈಯಾಗ ಇದ್ದದ್ದು ಕಂಡ್ತು. ಇನ್ನೂ ಬ್ಯಾಟರಿಗೆ ಹಚ್ಚೇ ಇಲ್ಲ. ಮೀಟರಿಗೆ ಅರ್ತಿಂಗೇ ಇಲ್ಲ. ಮೀಟರ್ ಆರಿ ಕರ್ರಗ ಕೂತಿತ್ತು. ಅದರಾಗ ಯಾವ ನಂಬರೂ ಇರಲಿಲ್ಲ.

ಬಾನೆಟ್ಟಿನ ಸಂದಿಯಾಗಿಂದ ಅಪ್ಪನ ಮಾರಿ ಕಂಡ್ತು. ಎರಡೂ ಕೈ ಸ್ಟೇರಿಂಗ್ ಮ್ಯಾಲೆ, ಕಣ್ಣು ಸೀದಾ ಮೀಟರ್ ಕಡೆ. ಪರೀಕ್ಷಾದಾಗ ಗೊತ್ತಿಲ್ಲದ ಪ್ರಶ್ನಿಗೆ ಉತ್ತರ ಹೇಳಿ, ಸರಿ ಅಂತಾರೋ ತಪ್ಪ ಅಂತಾರೋ ಅಂತ ಕಾಯೂ ಹುಡುಗನ ಮಾರಿ ಅದು. ಮೂವತ್ತೈದು ವರ್ಷ ಅಂಥಾ ಮಾರಿ ನೋಡಿ ಮಾರ್ಕ್ಸ್ ಕೊಟ್ಟ ಮನಷ್ಯಾ.

"ಹಾಂ, ಬರೋಬರಿ ಅದ" ಅಂದೆ.

ಎಂಜಿನ್ ಬಂದ್ ಮಾಡಿಸಿ, ವಾಯರ್ ಬಿಗದೆ. ಮತ್ತ ಚಾಲೂ ಮಾಡಿಸಿ, ಈ ಸಲ ನಾನ ಒಳಗ ಬಗ್ಗಿ ನೋಡಿದೆ. 13.8. ಇಂಡಿಕೇಟರ್ ಹಾಕಿದೆ, ಹೆಡ್‌ಲೈಟ್ ಹಾಕಿದೆ, ನಂಬರ್ ಒಂದ ಕೂದಲೆಳಿ ಹಂದಾಡ್ತು ಅಷ್ಟ. ನೀರು 62, 70, 84 ಅಂತ ಏರಿ, ಫ್ಯಾನ್ ತಿರುಗಿ, ಇಳೀತು. ನನ್ನ ತಪ್ಪು ಎಲ್ಲಾ ತೀರಿದ್ವು. ಈ ಅಕ್ಷರ ಎಲ್ಲಾ ಗೆರಿಯಿಂದ ಮಾಡಿದ್ದು ನೋಡ್ರಿ, ಎರಡಕ್ಕೂ ಮೂರಕ್ಕೂ ಒಂದ ಗೆರಿ ಈ ಕಡೆ ಇದ್ದದ್ದು ಆ ಕಡೆ ಹೋಗ್ತದ. ಅಷ್ಟ ಫರಕು. ಕಣ್ಣು ಚಲೋ ಇದ್ದವರಿಗೆ ಅದು ಭಾಳ ದೊಡ್ಡ ಫರಕು.

ಅವತ್ತ ಇಡೀ ದಿವಸ ನನ್ನ ತಲ್ಯಾಗ ಎಲ್ಲಾ ಒಂದಕ್ಕೊಂದು ಜೋಡಾಗಕೋತ ಹೋತು. ನವಲೂರ ಹತ್ರ ಕಾಣದ ಸೂಜಿ. ಬುಧವಾರ ಸಂಜಿಗೆ ಹಾಕಿ ಉಳದ ಪಾರ್ಕಿಂಗ್ ಲೈಟು, ಗುರುವಾರ ನನ್ನ ಮೊಣಕಾಲಿನ ಮ್ಯಾಲೆ ಹಾಕಿದ ಆ ಕಡ್ಡಿ. ಡ್ಯಾಶ್‌ಬೋರ್ಡಿನ ಮಂದ ಬೆಳಕು ಕಂಡಿದ್ರ ಅಪ್ಪ ಅದನ್ನ ಬಿಟ್ಟ ಬರ್ತಿದ್ದಿಲ್ಲ.

ರಾತ್ರಿ ಹೆಂಡ್ತಿಗೆ ಹೇಳಿದೆ. ಅಕಿ ಮಡಚೂ ಅರವಿ ಹಂಗ ಹಿಡಕೊಂಡು ಅಂದ್ಲು: "ನಾಲ್ಕೈದು ತಿಂಗಳಾತ್ರಿ, ಮಾವನವರು ಪೇಪರ್ ಹಿಡಕೊಂಡು ಕೂಡ್ತಾರ, ಹಾಳಿ ತಿರುವಂಗಿಲ್ಲ. ಚಹಾ ಬಸಿಗೆ ಹಾಕೂ ಮುಂದ ಹೊರಗ ಚೆಲ್ತಾರ. ನಾ ಕೈ ನಡಗತದೇನೋ ಅಂತ ತಿಳಕೊಂಡಿದ್ದೆ."

ಅವ್ವಗ ಮೊದಲಿಂದಾನೂ ಗೊತ್ತಿತ್ತು. "ನಾ ಬಾಜೂಕ ಕೂತಿರ್ತೇನೆಲ್ಲಾ" ಅಂದ್ಲು. "ಎಡಕ್ಕ ರಿಕ್ಷಾ ಬಂತು, ಮುಂದ ಹಂಪ್ ಅದ, ಅಂತ ಹೇಳಕೋತ ಬರ್ತೇನಿ. ಅವರು ಹೊಡೀತಾರ." ವರ್ಷದಿಂದ ಅಕಿ ದೇವಸ್ಥಾನಕ್ಕ, ಬಜಾರಕ್ಕ ತಪ್ಪದ ಯಾಕ ಅಪ್ಪನ ಜೋಡಿ ಹೋಗ್ತಿದ್ಲು ಅಂತ ಆವಾಗ ತಿಳೀತು. ಬುಧವಾರ ಅಕಿಗೆ ಏಕಾದಶಿ, ಹೋಗಿದ್ದಿಲ್ಲ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಕೀಲಿ ಕಸಗೋತಿದ್ರಿ. ಅವರು ಎಲ್ಲೆ ಹೋಗಬೇಕು?"

ಮರುದಿವಸ ಸಂಜಿಗೆ ಅಪ್ಪನ ಬಾಜೂಕ ಕಟ್ಟಿ ಮ್ಯಾಲೆ ಕೂತೆ. ಭಾಳ ಹೊತ್ತು ಇಬ್ಬರೂ ಗಾಡಿ ನೋಡಿದ್ವಿ. ನಾನ ಮಾತು ತಗದೆ. ನವಲೂರ ಸುದ್ದಿ ಎತ್ತಲಿಲ್ಲ, ಕರೇ ವಾಯರ್ ಸುದ್ದಿಯೂ ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ. "ಅಪ್ಪಾ, ಕಣ್ಣು ಒಂದ ಸಲ ತೋರಿಸಿಕೊಂಡ ಬರೂಣು" ಅಂದೆ ಅಷ್ಟ.

ಅಪ್ಪ ಸುಮ್ಮನಿದ್ದು, ಆಮ್ಯಾಲೆ ತನ್ನ ಅಪ್ಪನ ಸುದ್ದಿ ಹೇಳಿದಾ. ನಮ್ಮಜ್ಜಗ ಮೋತಿಬಿಂದು ತಗಸಿದ್ದು ಆಗಿನ ಕಾಲದಾಗ. ಕಣ್ಣೊಳಗಿನ ಲೆನ್ಸ್ ತಗದ್ರ ಬದ್ಲಿ ಹಾಕೂದು ಇರಲಿಲ್ಲ, ಸೋಡಾ ಬಾಟ್ಲಿ ತಳದಂಥಾ ದಪ್ಪ ಚಷ್ಮಾ ಕೊಡ್ತಿದ್ರು. ಚಷ್ಮಾ ತಗದ್ರ ಕುರುಡ, ಹಾಕಿದ್ರ ಬಾಗಲಾ ಸೊಟ್ಟ ಕಾಣೂದು. ಅಜ್ಜ ಆಮ್ಯಾಲೆ ಸೈಕಲ್ ಹೊಡೀಲೇ ಇಲ್ಲಂತ. ಸೈಕಲ್ ಪಡಸಾಲ್ಯಾಗ ನಿಂತು ತುಕ್ಕ ಹಿಡದದ್ದು ಅಪ್ಪಗ ಇನ್ನೂ ಕಣ್ಣಿಗೆ ಕಟ್ಟಿದಂಗದ.

"ಈಗ ಹಂಗಿಲ್ಲ ಅಪ್ಪಾ. ಒಳಗ ಹೊಸಾ ಲೆನ್ಸ್ ಕೂಡಸ್ತಾರ. ಅವತ್ತ ಮನಿಗೆ ಬರೂದು."

"ಹಳೇದ್ದು ತಗದು ಹೊಸಾದು ಕೂಡಸೂದು" ಅಂದಾ ಅಪ್ಪ. "ನೀ ಕೂಡಿಸಿದಂಗ ಕೂಡಸಲಿಲ್ಲಂದ್ರ ಆತು."

ಅದ ಒಪ್ಪಿಗಿ ಅಂತ ತಿಳಕೊಂಡೆ.

ಅದ ಮಾರುತಿಯೊಳಗ ಹುಬ್ಬಳ್ಳಿಗೆ ಹೋದ್ವಿ. ನಾ ಹೊಡದೆ, ಅಪ್ಪ ಬಾಜೂಕ, ಅವ್ವ ಹಿಂದ. ನವಲೂರ ಬಂದಾಗ ಯಾರೂ ಮಾತಾಡಲಿಲ್ಲ. ಮೀಟರ್ 86 ತೋರಸ್ತಿತ್ತು. ಎರಡೂ ಕಣ್ಣಾಗ ಪೊರಿ ಬಲತದ ಅಂದ್ರು. ಮೊದಲ ಬಲಗಣ್ಣು, ಒಂದ ತಿಂಗಳ ಬಿಟ್ಟು ಎಡಗಣ್ಣು. ಡಾಕ್ಟರ್ ಹೂಂ ಅನ್ನೂ ತನಕ ಗಾಡಿ ಮುಟ್ಟಲಿಲ್ಲ. ಅಪ್ಪ ತಾನ ಕೀಲಿ ಕಿಸೆದಾಗಿಂದ ತಗದು ಮೊಳಿಗೆ ಹಾಕಿದಾ. ಯಾರೂ ಕೇಳಿದ್ದಿಲ್ಲ.

ಎರಡನೇ ಕಣ್ಣು ಆಗಿ ಹದಿನೈದು ದಿವಸಕ್ಕ, ಒಂದು ಮುಂಜಾನೆ ಹೊರಗಿಂದ ಅಪ್ಪ ಒದರಿದ್ದು ಕೇಳಿತು. ಏನಾತೋ ಅಂತ ಬರಿಗಾಲಿಲೆ ಓಡಿದೆ. ಅಪ್ಪ ಗಾಡಿ ಸುತ್ತು ಹಾಕಲಿಕ್ಕೆ ಹತ್ತಿದ್ದಾ.

"ಏನಲೇ, ಈ ಗಾಡಿ ಇಷ್ಟ ಬೆಳ್ಳಗದ? ನಾ ಇಷ್ಟ ದಿವಸ ಕೆನಿ ಬಣ್ಣ ತಿರುಗ್ಯದ ಅಂತ ತಿಳಕೊಂಡಿದ್ದೆ."

ಒಳಗ ಕೂತು ಕೀಲಿ ತಿರುವಿದಾ. ಮೀಟರ್ ಫಳ್ ಅಂತ ಹತ್ತಿತು. ಅಪ್ಪ ಹಿಂದ ಸರದು ನೋಡಿದಾ, ಮುಂದ ಬಗ್ಗಿ ನೋಡಿದಾ. ನಾ ಬಾಗಲದಾಗ ನಿಂತು ಏನೂ ಕೇಳಲಿಲ್ಲ. ಕೇಳೂ ಧೈರ್ಯ ಆಗಲಿಲ್ಲ.

"ಹನ್ನೆರಡು ಪಾಯಿಂಟ್ ಐದು" ಅಂದಾ. ನಾನೂ ಬಗ್ಗಿ ನೋಡಿದೆ. ಹನ್ನೆರಡು ಪಾಯಿಂಟ್ ಐದು ಇತ್ತು.

ಆಮ್ಯಾಲೆ ಅಪ್ಪ ಕುತ್ತಿಗಿ ಒಂದ ಕಡೆ ವಾಲಿಸಿ, ಮಾಸ್ತರಿಕಿ ದನಿ ತಗದು ಅಂದಾ:

"ಅಲ್ಲಲೇ, ಇಷ್ಟ ಸೊಟ್ಟ ಕೂಡಿಸೀಯಲ್ಲ ಇದನ್ನ. ಕಣ್ಣು ಕಾಣಂಗಿಲ್ಲೇನು ನಿನಗ?"

ಈಗ ಅಪ್ಪ ಹಗಲೊತ್ತಿನ್ಯಾಗ ಧಾರವಾಡದೊಳಗ ಅಷ್ಟ ಗಾಡಿ ಹೊಡೀತಾನ. ಹುಬ್ಬಳ್ಳಿಗೆ ಹೋಗೂದಿದ್ರ ಅವ್ವನ್ನ ಕರಕೊಂಡು ಚಿಗರಿ ಹತ್ತತಾನ. ಅವ್ವ ಗಾಡ್ಯಾಗ ಬಾಜೂಕ ಕೂತ್ರ ಇನ್ನೂ "ಮುಂದ ಹಂಪ್ ಅದ" ಅಂತಾಳ, ರೂಢಿ ಬಿಡವಲ್ಲದು. ಅಪ್ಪ "ಕಾಣ್ತದ" ಅಂತಾನ. ಮೀಟರ್ ಇನ್ನೂ ಸೊಟ್ಟ ಅದ. ಸರಿ ಮಾಡ್ತೇನಿ ಅಂದ್ರ ಹೆಂಡ್ತಿ ಬಿಡವಲ್ಲಳು.